ಬಾಗಿಲಿಗೆ ಅಂಟಿದ ನೋಟಿಸು

ಪ್ಲೇಗಿನ ಕಾಲದಲ್ಲಿ ಹಳೇ ಮೈಸೂರಿನ ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೊರಡುತ್ತಿತ್ತು. ಕಷ್ಟ ಎಲ್ಲರದೂ ಆಗಿತ್ತು.

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಹಾಗಾಗಲಿಲ್ಲ. ವಿದೇಶದಿಂದ ಬೆಂಗಳೂರಿಗೆ ಬಂದಿಳಿದವರ ಕೈಗೆ ಮುದ್ರೆ ಬಿತ್ತು, ಬಾಗಿಲಿಗೆ ನೋಟಿಸು ಅಂಟಿತು. ಮನೆಯಲ್ಲೇ ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ರಾಜ್ಯ ಸರ್ಕಾರ ಹೇಳಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ಎಚ್ಚರ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗಿದ್ದ ಅನೇಕರಿಗೆ ಸೋಂಕೇ ಇರಲಿಲ್ಲ. ಗೇಟಿನ ಬಳಿ ಹಾಲು, ತರಕಾರಿ ಇಟ್ಟು ಫೋನ್ ಮಾಡಿದ ನೆರೆಯವರಿದ್ದಂತೆ, ಒಳಗಿದ್ದವರನ್ನು ಅಪರಾಧಿಗಳಂತೆ ಕಂಡವರೂ ಇದ್ದರು.

ಅಧಿಕಾರಿಗಳ ನಿರ್ದಿಷ್ಟ ಆದೇಶವಿಲ್ಲದೆ ಕೋವಿಡ್ ರೋಗಿಗಳ ಮನೆಗೆ ಪೋಸ್ಟರ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳವರು ಆ ನೋವನ್ನು ಉಂಡಾಗಿತ್ತು.