ಒಂದು ಲೀಟರು ಹಾಲಿಗೆ ಎಷ್ಟು ಹೊತ್ತಿನ ದುಡಿಮೆ?

(ಕೂಲಿಕಾರ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವನು. ಮೇಷ್ಟರ ಕೆಲಸ ಬಿಟ್ಟರೂ ಲೆಕ್ಕದ ಚಾಳಿ ಬಿಟ್ಟಿಲ್ಲ. ಇಂದು ಒಂದೇ ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು 2024ರಲ್ಲಿ ಇಂಗ್ಲೆಂಡಿಗೆ ಹೋದಳು. ವೃದ್ಧರ ಆರೈಕೆಯ ಕೆಲಸ. ಮೊದಲ ತಿಂಗಳು ಅಂಗಡಿಯಲ್ಲಿ ಪ್ರತಿಯೊಂದು ಬೆಲೆಯನ್ನೂ ನೂರೈದರಿಂದ ಗುಣಿಸಿ ರೂಪಾಯಿ ಮಾಡಿ, ಹೆದರಿ, ಹಾಲಿನ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಿದ್ದಳಂತೆ. ನಮ್ಮೂರಲ್ಲಿ ದಿನಗೂಲಿಗೆ ಹೋಗುವ ಅವಳ ತಾಯಿ ನನ್ನೆದುರು ಕಣ್ಣೀರಿಟ್ಟರು: “ಅಲ್ಲಿ ಹಾಲು ಬಲು ತುಟ್ಟಿಯಂತೆ ಮೇಷ್ಟ್ರೇ, ಮಗು ಬರೀ ಚಾ ಕುಡೀತದೆ.” ಆ ತಾಯಿ ಅಂದು ನನಗೆ ಕೊಟ್ಟದ್ದೂ ಹಾಲಿಲ್ಲದ ಚಹವೇ.

ಈಗ ಲೆಕ್ಕ ನೋಡಿ. ಆ ವರ್ಷ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಎರಡೂಕಾಲು ಲೀಟರು ಹಾಲಿಗೆ ಸುಮಾರು 1.45 ಪೌಂಡು, ಲೀಟರಿಗೆ ನಮ್ಮ 67 ರೂಪಾಯಿಯಷ್ಟು. ಇಲ್ಲಿ 2024ರ ಜೂನ್‌ನಲ್ಲಿ ದರ ಏರಿದ ಮೇಲೆ ನಂದಿನಿಯ ನೀಲಿ ಪೊಟ್ಟಣ, ಲೀಟರಿನ ಮೇಲೆ ಐವತ್ತು ಎಂ.ಎಲ್. ಸೇರಿ, 44 ರೂಪಾಯಿ ಇತ್ತು. ರೂಪಾಯಿ ಲೆಕ್ಕದಲ್ಲಿ ಇಂಗ್ಲೆಂಡೇ ತುಟ್ಟಿ.

ಆದರೆ ಹಾಲನ್ನು ಕೊಳ್ಳುವುದು ದುಡಿಮೆಯಿಂದ. 2024ರ ಏಪ್ರಿಲ್‌ನಲ್ಲಿ ಅಲ್ಲಿ 21 ತುಂಬಿದವರಿಗೆ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡು ಆಗಿತ್ತು. ಅಂದರೆ ಒಂದು ಲೀಟರು ಹಾಲಿಗೆ ಸುಮಾರು ಮೂರೂವರೆ ನಿಮಿಷದ ದುಡಿಮೆ. ಕರ್ನಾಟಕದಲ್ಲಿ 2024–25ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎಂಟು ಗಂಟೆಯ ದಿನವೆಂದರೆ ಗಂಟೆಗೆ 44 ರೂಪಾಯಿಗೂ ತುಸು ಕಡಿಮೆ. ಒಂದು ಲೀಟರು ಹಾಲಿಗೆ ಒಂದು ಗಂಟೆ ಬಿಸಿಲಲ್ಲಿ ಮಣ್ಣು ಹೊರಬೇಕು! ಈಗ ಹೇಳಿ, ಹಾಲು ತುಟ್ಟಿ ಯಾರಿಗೆ? ಮಗಳಿಗೋ, ತಾಯಿಗೋ?

ಹಾಗೆಂದು ಇಂಗ್ಲೆಂಡು ಸ್ವರ್ಗವಲ್ಲ. ಅಲ್ಲಿ 2023ರ ಮಾರ್ಚಿನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 19ರಷ್ಟು ಏರಿತ್ತು. ಟ್ರಸೆಲ್ ಎಂಬ ಧರ್ಮಸಂಸ್ಥೆಯ ಜಾಲವೊಂದೇ 2023–24ರಲ್ಲಿ 31 ಲಕ್ಷ ಆಹಾರದ ಪೊಟ್ಟಣಗಳನ್ನು ಹಂಚಿತು. ಮನೆ ಬಾಡಿಗೆ, ವಿದ್ಯುತ್ತು ಕಳೆದ ಮೇಲೆ ಕೈಯಲ್ಲಿ ಉಳಿಯದವನಿಗೆ ಅಗ್ಗದ ಹಾಲೂ ದೂರವೇ.

ಗುಣದ ಮಾತೂ ಇದೆ. 2013ರಲ್ಲಿ ಅಲ್ಲಿ ದನದ ಮಾಂಸವೆಂದು ಮಾರಿದ್ದರಲ್ಲಿ ಕುದುರೆ ಮಾಂಸ ಸಿಕ್ಕಿತು. ಮೋಸಕ್ಕೆ ದೇಶವಿಲ್ಲ, ಪರೀಕ್ಷಿಸುವವರು ಇರಬೇಕು. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಕಂಡು ಹಾಂಗ್‌ಕಾಂಗ್ ಮಾರಾಟ ನಿಲ್ಲಿಸಿತು. ಆಮೇಲೆಯೇ ಇಲ್ಲಿ ದೇಶದಾದ್ಯಂತ ಮಾದರಿ ತೆಗೆಯಲು ಆದೇಶವಾಯಿತು. ನಮ್ಮ ಸಾರಿನ ಪುಡಿಯ ಯೋಗ್ಯತೆ ನಮಗೆ ಪರದೇಶದಿಂದ ತಿಳಿಯಬೇಕೆ?

ಹಾಲಿನ ದರ ಇಳಿಸಿ ಎಂದು ನಾನು ಹೇಳುವುದಿಲ್ಲ. ಹಸು ಕಟ್ಟಿದವನೂ ಬಡವನೇ. ಏರಬೇಕಾದದ್ದು ಕೂಲಿ. ಇನ್ನು ಮುಂದೆ ಯಾರೇ ಕೂಲಿ ಹೆಚ್ಚಿಸಿದೆವೆಂದರೆ, ‘ಎಷ್ಟು ರೂಪಾಯಿ?’ ಎಂದು ಕೇಳಬೇಡಿ. ‘ಗಂಟೆಗೆ ಎಷ್ಟು ಹಾಲು, ಎಷ್ಟು ಬೇಳೆ?’ ಎಂದು ಕೇಳಿ.

ಈ ಲೆಕ್ಕವನ್ನೇ ಆ ಹುಡುಗಿಗೆ ಬರೆದು, “ಹೆದರದೆ ಹಾಲು ಕುಡಿ, ಮಗಳೆ” ಎಂದೆ. ಕುಡಿಯುತ್ತಿದ್ದೇನೆಂದು ಉತ್ತರ ಬಂತು. ಅವಳ ತಾಯಿಗೆ ಹೇಳಲು ನನ್ನಲ್ಲಿ ಇನ್ನೂ ಅಂಥ ಮಾತಿಲ್ಲ. ಅದನ್ನು ನಾವೆಲ್ಲ ಸೇರಿ ಗಳಿಸಬೇಕಾಗಿದೆ.