ಇಯಾದತ್ ಜ್ವರಕ್ಕೆ ಮಾತ್ರವೇ?



ಎಚ್‌ಐವಿ ಸೋಂಕು ತಗುಲಿದರೆ ಬದುಕು ಮುಗಿಯಿತೆಂದಲ್ಲ. ಸರ್ಕಾರಿ ಎಆರ್‌ಟಿ ಕೇಂದ್ರಗಳು 2004ರಿಂದ ಉಚಿತ ಔಷಧಿ ನೀಡುತ್ತಿವೆ. ತಪ್ಪದೆ ಸೇವಿಸಿದವರು ದೀರ್ಘಕಾಲ ಬಾಳುತ್ತಾರೆ. ಹಾಗಿದ್ದರೂ ಸೋಂಕಿತರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಇತರರಿಗಿಂತ ಹೆಚ್ಚು. ಸೋಂಕು ತಿಳಿದ ಮೊದಲ ತಿಂಗಳುಗಳು ಇನ್ನೂ ಕಠಿಣ. ಕಾರಣ, ರೋಗದ ಭಯದ ಜೊತೆಗೆ ನಮ್ಮ ನಾಲಿಗೆಯ ಭಯ. ಒಂದೇ ತಟ್ಟೆಯಲ್ಲಿ ಉಂಡರೂ ಎಚ್‌ಐವಿ ಹರಡದು; ಆದರೂ ನಾವು ಲೋಟ ಬೇರೆ ಇಡುತ್ತೇವೆ.

ಆತ್ಮಹತ್ಯೆ ಹರಾಮ್ ಎಂದು ಹೇಳಿ ಎದ್ದುಬರುವುದು ಸುಲಭ. ರೋಗಿಯನ್ನು ಕಂಡು ವಿಚಾರಿಸುವುದು ಸುನ್ನತ್. ಉರ್ದುವಿನಲ್ಲಿ ಅದನ್ನೇ 'ಇಯಾದತ್' ಎನ್ನುತ್ತೇವೆ. ಅದು ಜ್ವರ ಬಂದವರಿಗೆ ಮಾತ್ರವೇ?

ಯಾರಾದರೂ "ಬದುಕು ಸಾಕಾಗಿದೆ" ಎಂದರೆ ಗದರಬೇಡಿ. ಪಕ್ಕದಲ್ಲಿ ಕುಳಿತು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತು. ನಂಬಿ ಹೇಳಿದ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಕಾನೂನಿಗಿಂತ ಮೊದಲೇ ಅದು ನಮ್ಮ ಪಾಲಿಗೆ ಅಮಾನತ್. ಆ ಅಮಾನತ್ ಕಾಪಾಡಿದರೆ ಒಂದು ಜೀವ ಉಳಿದೀತು.