ಮೊದಲು ಮಕ್ಕಳನ್ನು ಎಣಿಸೋಣ



ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ಪುಟ್ಟ ಮಕ್ಕಳು ಬಿಸಿನೀರಿನ ಪಕ್ಕದಲ್ಲೇ ಆಡುತ್ತಾರೆ. ಮನೆಮಾತು ಉರ್ದು, ಎಷ್ಟೋ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದೇ ಶಾಲೆ ಸೇರಿದ ಮೇಲೆ.

1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿಗಳಲ್ಲಿ 3ರಿಂದ 6 ವರ್ಷದವರಿಗೆ ಆಟ, ಪಾಠ, ಊಟ ಎಲ್ಲವೂ ಉಚಿತ. ನಾವೋ ಸಾಲ ಮಾಡಿ ಕಾನ್ವೆಂಟಿಗೆ ಕಳಿಸುತ್ತೇವೆ. ಸಾಲ ಹುಟ್ಟದಿದ್ದರೆ ಮಗುವನ್ನು ಮನೆಯಲ್ಲೇ ಉಳಿಸುತ್ತೇವೆ.

ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಆದೇಶಿಸಿತ್ತು. ಕೇಳಲು ಲೆಕ್ಕ ಬೇಕಲ್ಲವೇ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ವಿದ್ಯಾರ್ಥಿಗಳೂ ತಮ್ಮ ಮೊಹಲ್ಲಾದ ಮನೆಮನೆಗೆ ಹೋಗಿ ಬರೆದುಕೊಳ್ಳಲಿ: ಮಕ್ಕಳೆಷ್ಟು, ಅಂಗನವಾಡಿಗೆ ಹೋಗುವವರೆಷ್ಟು, ಮನೆಯಲ್ಲೇ ಉಳಿದವರೆಷ್ಟು. ಗೂಡಿನ ಎಳೆಯ ತುದಿ ಸಿಗದೆ ನೂಲು ಬರುವುದಿಲ್ಲವೆಂದು ನಮಗಿಂತ ಬಲ್ಲವರು ಯಾರು?